ಬಲಗೈ ಕಲಿತದ್ದು

ಥಪ್.

ಮಧ್ಯಾಹ್ನದ ಊಟಕ್ಕೆ ನಮ್ಮ ಬೀದಿಯ ಮಗ್ಗಗಳೆಲ್ಲ ನಿಂತಾಗ ಮಾತ್ರ ಕೇಳಿಸುತ್ತಿದ್ದ ಸದ್ದು ಅದು. ಕೊಯಮತ್ತೂರಿನ ಹತ್ತಿರದ ನಮ್ಮ ಸಿರುಮುಗೈಯಲ್ಲಿ ಹುಟ್ಟಿ ಬೆಳೆದವರಿಗೆ ಮಗ್ಗದ ಟಕಟಕ ಕಿವಿಗೆ ಬೀಳುವುದೇ ಇಲ್ಲ, ಅದು ನಿಂತರೆ ಮಾತ್ರ ಏನೋ ಆಯಿತು ಅಂತ ತಲೆ ಎತ್ತುತ್ತೇವೆ. ಹಾಗೆ ತಲೆ ಎತ್ತಿದಾಗ, ಥಪ್. ಒಂದು ಉಸಿರು ಬಿಟ್ಟು ಮತ್ತೆ ಥಪ್. ಮೊದಲನೇ ಸಲ ಹಿತ್ತಲಲ್ಲಿ ತೆಂಗಿನಕಾಯಿ ಬೀಳುತ್ತಿದೆ ಅಂದುಕೊಂಡು, ಒಣಹಾಕಿದ ಸೀರೆ ತೆಗೆಯಲು ಓಡಿದ್ದೆ. ನೋಡಿದರೆ ನನ್ನ ತಂಗಿಯ ಮೊಮ್ಮಗ. ಗೋಡೆಗೆ ಹಳೆಯ ನಾರಿನ ಹಾಸಿಗೆ ಒರಗಿಸಿ, ಅದರ ಮೇಲೆ ಇದ್ದಿಲಿನಲ್ಲಿ ಒಂದು ಚೌಕ ಬರೆದು, ದೂರದ ಬಾವಿಕಟ್ಟೆಯ ಹತ್ತಿರ ನಿಂತು ಚೆಂಡು ಎಸೆಯುತ್ತಿದ್ದ. ಅವನ ಕೈಯಿಂದ ಚೆಂಡು ಹೊರಟದ್ದು ನನಗೆ ಕಾಣಲಿಲ್ಲ. ಐ ಸ್ವೇರ್, ಕಾಣಲಿಲ್ಲ. ಕೈ ಕೆಳಗೆ ಬಂತು, ಹಾಸಿಗೆ ನಡುಗಿತು, ಅಷ್ಟೆ.

"ಯಾವ ಕೈಲೋ ಎಸೆದೆ?" ಅಂದೆ.

"ಎಡಗೈ, ದೊಡ್ಡಜ್ಜೀ," ಅಂದ, ಬೈಸಿಕೊಳ್ಳಲು ಸಿದ್ಧನಾಗಿ.

ಅವನಿಗೆ ಹುಟ್ಟಿನಿಂದ ಎಡಗೈ. ನಮ್ಮ ಬೀದಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ನಮ್ಮದು ರೇಷ್ಮೆ ನೇಯುವ ಕನ್ನಡದವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡೂ ಭಾಷೆಯಲ್ಲಿ ಅವನನ್ನು ಬೈಯುತ್ತಿದ್ದರು. ಮನೆಯಲ್ಲಿ ನನ್ನ ತಂಗಿ "ಎಡಗೈಲಿ ಕೊಡಬೇಡ್ವೋ" ಅನ್ನುವಳು, ಬೀದಿಯಲ್ಲಿ ಹುಡುಗರು "ಡೇ ಪೀಚಾಂಕೈ" ಅನ್ನುವರು. ತಮಿಳಿನಲ್ಲಿ ಅದು ಎಡಗೈಗೆ ಇಟ್ಟ ಕೊಳಕು ಹೆಸರು. ತಂಗಿ ಬೆನ್ನ ಮೇಲೆ ಗುದ್ದಿ ಗುದ್ದಿ ಅನ್ನ ಬಲಗೈಲಿ ತಿನ್ನುವುದನ್ನು ಕಲಿಸಿದಳು. ಬರೆಯುವುದಕ್ಕೂ ಎಸೆಯುವುದಕ್ಕೂ ಆ ಗುದ್ದು ನಾಟಲಿಲ್ಲ. ಅವನಪ್ಪ ಮಗ್ಗಕ್ಕೆ ಕೂರಿಸಿ ನೋಡಿದ. ಲಾಳಿಯ ಹಗ್ಗ ಎಳೆಯುವುದು ಬಲಗೈ. ಇವನು ಎಳೆದರೆ ಲಾಳಿ ಅರ್ಧ ದಾರಿಯಲ್ಲೇ ನಿಂತು ಎಳೆ ಕಡಿಯುತ್ತಿತ್ತು. "ಇದು ಮಗ್ಗಕ್ಕೆ ಒಗ್ಗದ ಕೈ, ಬಿಡು," ಅಂತ ಎಬ್ಬಿಸಿದ. ಅವನ ಬಲಗೈ ಅನ್ನ ತಿನ್ನುವುದು ಬಿಟ್ಟರೆ ಬೇರೇನೂ ಕಲಿತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಓದಿದ್ದು ಬೆಟ್ಟದ ಮೇಲಿನ ಕಾನ್ವೆಂಟಿನಲ್ಲಿ. ನೂಲಿನ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪನಿಗೆ ಹಿರಿಮಗಳು ಇಂಗ್ಲಿಷ್ ಮಾತಾಡಬೇಕೆಂಬ ಹುಚ್ಚು. ಕಿರಿಯವಳ ಹೊತ್ತಿಗೆ ಹುಚ್ಚು ಇಳಿದಿತ್ತು, ತಂಗಿ ಮಗ್ಗದ ಪಕ್ಕದಲ್ಲೇ ಬೆಳೆದಳು. ಕನ್ನಡದ ಅಕ್ಷರ ಕೊಳ್ಳೇಗಾಲದವಳಾದ ಅಮ್ಮ ರಜೆಯಲ್ಲಿ ಕಲಿಸಿದ್ದು. ನಮ್ಮ ಬೀದಿಯಲ್ಲಿ ಈ ಬರಹವನ್ನು ಓದಬಲ್ಲವರು ಈಗ ಯಾರೂ ಇಲ್ಲ. ಬಹುಶಃ ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಐರಿಶ್ ಸಿಸ್ಟರ್ ಒಬ್ಬರು ನಮಗೆ ರೌಂಡರ್ಸ್ ಆಡಿಸುತ್ತಿದ್ದರು. ಬಿಳಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚೆಂಡು ಎಸೆದು "ರನ್, ಗರ್ಲ್ಸ್, ರನ್!" ಅನ್ನುವರು. ನಾಲ್ಕು ಮೂಲೆ ಸುತ್ತಿ ಓಡಿ ಬರಬೇಕು. ಹಾಗಾಗಿ ಹುಡುಗ "ಇದು ಬೇಸ್‌ಬಾಲ್, ಸ್ಕೂಲಿಗೆ ಹೊಸ ಪಿ.ಟಿ. ಮಾಸ್ಟರ್ ಬಂದಿದಾರೆ, ನಾನು ಪಿಚರ್, ಚೆಂಡು ಎಸೆಯೋನು" ಅಂದಾಗ, ಇಡೀ ಬೀದಿಯಲ್ಲಿ ಆ ಆಟ ಏನೆಂದು ಅರ್ಥವಾದದ್ದು ನನಗೊಬ್ಬಳಿಗೇ. ಮಿಕ್ಕವರಿಗೆಲ್ಲ ಅದು ಕ್ರಿಕೆಟ್ಟೇ, ಬ್ಯಾಟು ಮಾತ್ರ ಸಪೂರ.

ಆ ಮಾಸ್ಟರ್ ಒಂದು ದಿನ ಮನೆಗೇ ಬಂದರು. ಉಡುಮಲೈಪೇಟೆ ಕಡೆಯ ತಮಿಳರು, ಬಿಸಿಲಿಗೆ ಕಪ್ಪಗಾದ ಮನುಷ್ಯ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಮುಟ್ಟದೆ, "ಅಮ್ಮಾ, ಇವನದು ಕೈಯಲ್ಲ, ತಂಗಂ," ಅಂದರು. ಎಡಗೈ ಪಿಚರ್ ಎಸೆದ ಚೆಂಡು ಬ್ಯಾಟಿನವನ ಕಣ್ಣಿಗೆ ಉಲ್ಟಾ ದಿಕ್ಕಿನಿಂದ ಬರುತ್ತದಂತೆ. ಇವನು ಬಿಡುವ ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸುತ್ತಾನೆ, ಅದನ್ನು ಯಾರೂ ಕಲಿಸಿಲ್ಲ, ಹುಟ್ಟಿನಿಂದ ಬಂದಿದೆ. "ಭಾರ ಎತ್ತಿಸಬೇಡಿ. ಜಗಳಕ್ಕೆ ಬಿಡಬೇಡಿ. ಬೈಕ್ ಬೇಡವೇ ಬೇಡ."

ಅವರು ಹೋದ ಮೇಲೆ ತಂಗಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಕೇಳ್ದೇನಕ್ಕಾ? ಪೀಚಾಂಕೈ ಚಿನ್ನವಂತೆ! ಇಷ್ಟು ವರ್ಷ ಗುದ್ದಿದ್ದು ನಾನು ಚಿನ್ನಕ್ಕಾ?" ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಅವನ ಎಡಗೈಗೆ ಎಣ್ಣೆ ತಿಕ್ಕುವುದು ಅವಳ ಕೆಲಸವಾಯಿತು. ಬಲಗೈಗೆ ಎಣ್ಣೆ ಇಲ್ಲ.

ಎಡಗೈಯವರು ಗ್ಲೋವನ್ನು ಬಲಗೈಗೆ ಹಾಕಬೇಕು. ಅಂಥ ಗ್ಲೋವ್ ಕೊಯಮತ್ತೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಮಾಸ್ಟರ್ ಆಟದ ಸಾಮಾನು ಮಾಡುವ ಜಲಂಧರಕ್ಕೆ ಹೇಳಿ ತರಿಸುವವರೆಗೆ ಅವನು ಇದ್ದದ್ದನ್ನೇ ತಿರುವಿ, ಹೆಬ್ಬೆರಳಿನ ಜಾಗಕ್ಕೆ ಕಿರುಬೆರಳು ತುರುಕಿ ಆಡಿದ. ಅದರಲ್ಲೇ ಜಿಲ್ಲಾ ಟೀಮಿಗೆ ಸೇರಿದ, ಕಾಲೇಜಿಗೆ ಹೋದ ವರ್ಷವೇ ಸ್ಟೇಟ್ ಟೀಮಿಗೆ.

ಒಂದು ಮ್ಯಾಚನ್ನು ನಾನು ಕಣ್ಣಾರೆ ನೋಡಿದೆ, ಕೊಯಮತ್ತೂರಿನ ಕಾಲೇಜು ಮೈದಾನದಲ್ಲಿ. ತಂಗಿಯನ್ನು ಎಳೆದುಕೊಂಡು ಹೋಗಿದ್ದೆ. ಅವಳು ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗ ಯಾಕೆ ಒಬ್ಬನೇ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದಾನೆ, ಶಿಕ್ಷೆಯೇ, ಅಂತ ಕೇಳಿದಳು. ಎದುರು ಟೀಮಿನಲ್ಲಿ ಆನೆಮರಿಯಂಥವನೊಬ್ಬ ಬ್ಯಾಟು ಹಿಡಿದು ಬಂದ. ಹುಡುಗ ಮೊಣಕಾಲು ಎದೆಗೆ ಎತ್ತಿದ, ದೇಹ ಪೂರ್ತಿ ಹಿಂದಕ್ಕೆ ಬಾಗಿತು, ಆಮೇಲೆ ಆ ಎಡಗೈ. ಆನೆಮರಿ ಬೀಸಿದ ರಭಸಕ್ಕೆ ತಾನೇ ಸುತ್ತಿ ಕುಂಡೆಯ ಮೇಲೆ ಕೂತ.

"ಡೇಯ್, ಬಾಲ್ ಎಲ್ಲಿ?" ಅಂತ ಕೇಳಿದ, ನಿಜವಾಗಿಯೂ ಗೊತ್ತಾಗದೆ.

"ಅದು ಆಗಲೇ ಊಟ ಮಾಡಿ ಮಲಗಿದೆ ಅಣ್ಣಾ, ನೀನೂ ಮನೆಗೆ ಹೋಗು," ಅಂದ ಅವನ ಹಿಂದೆ ಚೆಂಡು ಹಿಡಿದು ಕೂತಿದ್ದ ಕ್ಯಾಚರ್. ಮೈದಾನವೆಲ್ಲ ನಕ್ಕಿತು.

ಆದರೆ ನನಗೆ ನೆನಪಿರುವುದು ನಗುವಲ್ಲ, ಅದರ ಹಿಂದಿನ ಗಳಿಗೆ. ಅವನು ಕೈ ಎತ್ತಿದಾಗ ಎಲ್ಲರೂ ಉಸಿರು ಹಿಡಿದಿದ್ದರು, ಐಸ್‌ಕ್ರೀಂ ಮಾರುವವನು ಕೂಡ. ಕಾನ್ವೆಂಟಿನ ಹೋಲಿ ಮಾಸ್ ಪೂಜೆಯಲ್ಲಿ ಗಂಟೆ ಬಾರಿಸಿದಾಗ ಚಾಪೆಲ್ ತುಂಬುತ್ತಿತ್ತಲ್ಲ, ಅಂಥ ಸೈಲೆನ್ಸ್. ಅಷ್ಟು ಕಣ್ಣು ಒಂದೇ ಕೈಯ ಮೇಲೆ. ಅವನ ಮುಖ ನೋಡಿದೆ. ಹೆದರಿಕೆಯ ಬದಲು ಒಂಥರಾ ಹಸಿವು ಇತ್ತು. ಇಷ್ಟು ದಿನ ಬಚ್ಚಿಡು ಅಂತ ಬೈಸಿಕೊಂಡ ಕೈಯನ್ನು ಈಗ ಊರೇ ನೋಡುತ್ತಿದೆ, ಅವನಿಗೆ ಅದು ಸಾಕಾಗುತ್ತಿರಲಿಲ್ಲ.

ಕಾಲೇಜಿನ ಕೊನೇ ವರ್ಷ ಇಂಡಿಯಾ ಟೀಮಿನ ಕ್ಯಾಂಪಿಗೆ ಕರೆ ಬಂತು. ದಸರಾ ಹಬ್ಬ ಮುಗಿದ ಮೇಲೆ ಹೊರಡಬೇಕು. ಇಂಡಿಯಾ ಜರ್ಸಿ ಒಂದು ಸಲ ಮೈಮೇಲೆ ಬಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸ ಗ್ಯಾರಂಟಿ ಅಂತ ಮಾಸ್ಟರ್ ಹೇಳಿದ್ದರು. ಮಗ್ಗಕ್ಕೆ ಒಗ್ಗದ ಹುಡುಗನಿಗೆ ನಮ್ಮ ಬೀದಿಯಲ್ಲಿ ಬೇರೆ ದಾರಿ ಏನಿದೆ? ಆ ಒಂದು ತೋಳಿನ ಮೇಲೆ ಅವನ ಬದುಕೆಲ್ಲ ನಿಂತಿತ್ತು. ನಮಗೆಲ್ಲ ಅದು ಗೊತ್ತಿತ್ತು. ಗೊತ್ತಿದ್ದೂ, ಅನ್ನುವುದೇ ನನ್ನನ್ನು ಇವತ್ತಿಗೂ ಅಲ್ಲಾಡಿಸುವುದು.

ಕರೆ ಬಂದ ದಿನ ತಂಗಿ ಮೆಲ್ಲಗೆ ಬಂದು ನನ್ನ ಪಕ್ಕ ಕೂತಳು. "ಅಕ್ಕಾ, ನಾನು ಅಮ್ಮನಿಗೆ ಹರಕೆ ಹೊತ್ತಿದ್ದೆ. ಇವನಿಗೆ ಇಂಡಿಯಾ ಬಂದ್ರೆ ಅಲಗು ಹಾಕಿಸ್ತೀನಿ ಅಂತ."

ಅಲಗು ಅಂದರೆ ಏನೆಂದು ಹೇಳಬೇಕು. ನಮ್ಮ ಕುಲದ ಅಮ್ಮ ಚೌಡೇಶ್ವರಿ. ವಿಜಯದಶಮಿಯ ದಿನ ಭವಾನಿ ಹೊಳೆಯ ದಂಡೆಯಿಂದ ಅಮ್ಮನನ್ನು ಕಲಶದಲ್ಲಿ ತುಂಬಿ ಗುಡಿಗೆ ತರುತ್ತೇವೆ. ಹೊತ್ತವರು ಗುಡಿ ಮುಟ್ಟುವವರೆಗೆ ತುಟಿ ಬಿಚ್ಚುವಂತಿಲ್ಲ. ಕಲಶದ ಮುಂದೆ ಕುಲದ ಹುಡುಗರು ಹಿಮ್ಮುಖವಾಗಿ ಕುಣಿಯುತ್ತಾ, ಗೆಜ್ಜೆ ಕಟ್ಟಿದ ಕತ್ತಿಯಂಥ ಅಲಗನ್ನು ಎದೆಗೂ ತೋಳಿಗೂ ಬೀಸಿಕೊಳ್ಳುತ್ತಾ, "ತೀಸ್ಕೋ ತಾಯೀ" ಅನ್ನುತ್ತಾರೆ. ತೆಲುಗಿನಲ್ಲಿ, ತಗೋ ತಾಯಿ ಅಂತ. ರಕ್ತ ಬರುತ್ತದೆ, ಅದರ ಮೇಲೆ ಅರಿಶಿನ ಬೀಳುತ್ತದೆ, ಒಂದೆರಡು ವಾರದಲ್ಲಿ ಗೀಟು ಮಾಯುತ್ತದೆ. ಸೇವೆ ಸಾಲದೆ ಹೋದರೆ ಅಮ್ಮ ನಿಂತುಬಿಡುತ್ತಾಳೆ, ಒಂದು ಹೆಜ್ಜೆ ಮುಂದಕ್ಕೆ ಬರುವುದಿಲ್ಲ ಅಂತ ನಂಬಿಕೆ. ಬೀಸುವುದರಲ್ಲಿ ಒಂದು ಹದ ಇದೆ. ಚರ್ಮ ತಾಕುವ ಹೊತ್ತಿಗೆ ಮಣಿಕಟ್ಟು ತಿರುಗಿಸಬೇಕು, ಅಲಗಿನ ಬಾಯಿ ಸವರಿಕೊಂಡು ಹೋಗಬೇಕು, ಒಳಗೆ ಇಳಿಯಬಾರದು. ಹುಡುಗರು ಮೀಸೆ ಬರುವ ಮೊದಲೇ ಸಣ್ಣ ಅಲಗಿನಲ್ಲಿ ಅದನ್ನು ಪಳಗಿಸಿಕೊಳ್ಳುತ್ತಾರೆ. ಇವನಿಗೆ ಆ ವಯಸ್ಸಿನಲ್ಲೆಲ್ಲ ದಸರಾ ರಜೆ ಅಂದರೆ ಟೂರ್ನಮೆಂಟು.

ಮತ್ತೆ, ಅಮ್ಮನ ಅಲಗನ್ನು ಎಡಗೈಯಲ್ಲಿ ಮುಟ್ಟುವಂತಿಲ್ಲ. ಯಾರೂ. ಯಾವತ್ತೂ.

"ಬಲಗೈಲಿ ಹಿಡಿದ್ರೆ ಏಟು ಬೀಳೋದು ಎಡದೋಳಿಗಲ್ಲವೇನೇ!" ಅಂದೆ ನಾನು. "ಆರ್ ಯು ಮ್ಯಾಡ್?"

"ನಿನ್ ಕಾನ್ವೆಂಟ್ ಬುದ್ಧಿ ನಿನ್ ಹತ್ರ ಇಟ್ಕೋ ಅಕ್ಕಾ," ಅಂದಳು, ಆದರೆ ಅವಳ ಮುಖವೂ ಬಿಳಿಚಿಕೊಂಡಿತ್ತು. ಹರಕೆ ಹೊರುವಾಗ ಅವಳಿಗೆ ಕೈ ಬೇರೆ ಅಲಗು ಬೇರೆ ಆಗಿತ್ತು. ಎರಡನ್ನೂ ಒಟ್ಟಿಗೆ ನೆನೆದಿರಲೇ ಇಲ್ಲ. ಇಬ್ಬರೂ ಸೇರಿ ಗುಡಿಯ ಯಜಮಾನರ ಹತ್ತಿರ ಹೋದೆವು. ಅವರು ಒಳ್ಳೆಯವರು, ಆ ಹುಡುಗನ ಮೇಲೆ ಹೆಮ್ಮೆ ಇದ್ದವರು. "ಎದೆಗೆ ಎರಡು ಗೀಟು ಹಾಕಿದ್ರೆ ಹರಕೆ ತೀರ್ತು. ಕೈ ಅವನ ಅನ್ನ, ಅದನ್ನ ಅಮ್ಮ ಕೇಳಲ್ಲ," ಅಂದರು. ಹಬ್ಬದ ಬೆಳಗ್ಗೆ ತಂಗಿ ತನ್ನ ಕೈಯಾರೆ ಅವನ ಎಡದೋಳಿಗೆ ಭುಜದಿಂದ ಮಣಿಕಟ್ಟಿನವರೆಗೆ ಹೊಸ ಹಳದಿ ಬಟ್ಟೆ ಸುತ್ತಿ ಗಂಟು ಹಾಕಿದಳು. ನಾನು ಗಂಟನ್ನು ಎಳೆದು ನೋಡಿದೆ. ಬಿಗಿಯಾಗಿತ್ತು.

ಹೊಳೆಯಿಂದ ಕಲಶ ಹೊರಟಿತು. ನಾನು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅಲ್ಲಿಂದ ಸ್ವಲ್ಪ ಮುಂದೆ ನಮ್ಮ ಬೀದಿ ತಿರುಗಿ ಮೇನ್ ರೋಡಿಗೆ ಸೇರುತ್ತದೆ. ತಮಟೆ, ಅರಿಶಿನದ ಧೂಳು, ಗೆಜ್ಜೆ. ಹುಡುಗರ ಗುಂಪಿನಲ್ಲಿ ಅವನೂ ಬಂದ. ಎದೆಯ ಮೇಲೆ ಅಳುಕಿ ಅಳುಕಿ ಹಾಕಿಕೊಂಡ ಎರಡು ಗೀಟು. ಬಲಗೈಯಲ್ಲಿ ಅಲಗು, ಚಿಕ್ಕ ಮಕ್ಕಳು ಸೌಟು ಹಿಡಿದ ಹಾಗೆ.

"ಏನ್ ಸ್ಟಾರೂ, ಕೈಗೆ ಪ್ಯಾಕಿಂಗ್ ಮಾಡಿದಾರಾ? ಪಾರ್ಸಲ್ಲಾ?" ಅಂತ ಅವನ ಜೊತೆಯವನೇ ಒಬ್ಬ ಕೂಗಿದ. ಎಲ್ಲರೂ ನಕ್ಕರು, ಇವನೂ ನಕ್ಕ.

ತಿರುವಿಗೆ ಬಂದಾಗ ಕಲಶ ನಿಂತಿತು.

ನಿಂತೇಬಿಟ್ಟಿತು. ಹೊತ್ತಿದ್ದವರು ನನ್ನ ತಂಗಿಗೆ ವರಸೆಯಲ್ಲಿ ಮೈದುನ. ಕಣ್ಣು ಅರಳಿಸಿ ಎದುರಿಗೆ ನೋಡುತ್ತಾ ಕಂಬದಂತೆ ನಿಂತರು. ತಮಟೆ ಜೋರಾಯಿತು. ಹುಡುಗರು ಇನ್ನೊಂದು ಸುತ್ತು ಬೀಸಿಕೊಂಡರು. ಕಲಶ ಕದಲಲಿಲ್ಲ. ಯಾರೋ ತೆಂಗಿನಕಾಯಿ ಒಡೆದರು. ಕದಲಲಿಲ್ಲ. ಹಿಂದಿನಿಂದ ಒಂದು ಹೆಂಗಸಿನ ದನಿ, "ಅಮ್ಮ ಏನೋ ಕೇಳ್ತಾವ್ಳೆ..." ಯಾರೂ ಇವನ ಹೆಸರು ಹೇಳಲಿಲ್ಲ. ದೇವರಾಣೆ, ಒಬ್ಬರೂ ಹೇಳಲಿಲ್ಲ. ಆದರೆ ಒಂದೊಂದೇ ಮುಖ ತಿರುಗಿತು. ಹಳದಿ ಬಟ್ಟೆ ಸುತ್ತಿದ ಆ ತೋಳಿನ ಕಡೆಗೆ.

ತಮಟೆಯೂ ನಿಂತಿತು. ಕೊಯಮತ್ತೂರು ಮೈದಾನದಲ್ಲಿ ಕೇಳಿದ ಅದೇ ಸೈಲೆನ್ಸ್.

ಹುಡುಗ ಒಮ್ಮೆ ಹಿಂದಿರುಗಿ ಮೇನ್ ರೋಡಿನ ಕಡೆ ನೋಡಿದ. ಧೈರ್ಯ ಹುಡುಕುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಹಲ್ಲಿನಿಂದ ಗಂಟು ಬಿಚ್ಚಿದ. ತಂಗಿ "ಬ್ಯಾಡ ಕಣೋ" ಅಂತ ಜನರನ್ನು ತಳ್ಳಿಕೊಂಡು ಬರುತ್ತಿದ್ದಳು. ನಾನು ಕುರ್ಚಿಯಿಂದ ಎದ್ದಿದ್ದೆ. ಹಳದಿ ಬಟ್ಟೆ ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. "ತೀಸ್ಕೋ ತಾಯೀ!" ಅಂದ. ಬಲಗೈ ಎತ್ತಿದ.

ಆ ಬಲಗೈಗೆ ಏನೂ ಗೊತ್ತಿರಲಿಲ್ಲ. ಮಣಿಕಟ್ಟು ತಿರುಗಿಸುವ ವಿದ್ಯೆಯೆಲ್ಲ ಇದ್ದದ್ದು ಏಟು ತಿನ್ನುತ್ತಿದ್ದ ಕೈಯಲ್ಲಿ. ಅಲಗು ಸೌದೆ ಸೀಳುವಂತೆ ನೇರವಾಗಿ ಇಳಿಯಿತು, ಮೊಣಕೈಯ ಕೆಳಗೆ, ಒಳಮೈಗೆ. ಸದ್ದು ಬರಲಿಲ್ಲ. ಅಲ್ಲಿ ಸದ್ದು ಬರದೇ ಇದ್ದದ್ದೇ ನನಗೆ ಕೇಳಿಸಿತು.

ಮತ್ತೆ ಕಲಶ ಕದಲಿತು. ನಾನು ನೋಡಿದೆ. ಓದಿದವಳು ನಾನು, ಆದರೂ ಕೈ ತಾನಾಗಿ ಮುಗಿದುಕೊಂಡಿತು. ಜನ ಹೋ ಅಂದರು. ತಂಗಿಯ ಬಾಯಲ್ಲೂ "ಅಮ್ಮಾ" ಬಂತು. ಆ ಕೂಗು ದೇವರಿಗೋ ಗಾಯಕ್ಕೋ ಅವಳಿಗೂ ಗೊತ್ತಿರಲಿಕ್ಕಿಲ್ಲ.

ಅಲಗಿನ ಗಾಯಕ್ಕೆ ನಮ್ಮಲ್ಲಿ ಡಾಕ್ಟರ್ ಇಲ್ಲ. ಅಮ್ಮನ ಅರಿಶಿನವೇ ಔಷಧ, ಹೊಲಿಗೆ ಹಾಕಿಸಿದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಸೀಳಿನೊಳಗೆ ಮುಷ್ಟಿ ಅರಿಶಿನ ತುಂಬಿ ಅದೇ ಹಳದಿ ಬಟ್ಟೆ ಕಟ್ಟಿದರು. "ಆಸ್ಪತ್ರೆಗೆ ಹೋಗೋಣ, ಪ್ಲೀಸ್, ಇವತ್ತೇ," ಅಂತ ಅವನಪ್ಪನ ಕೈ ಹಿಡಿದು ಕೇಳಿದೆ. "ಅಮ್ಮ ಕೇಳಿದ್ಲು ದೊಡ್ಡಮ್ಮಾ, ಅವ್ನು ಕೊಟ್ಟ. ಅವ್ಳೇ ನೋಡ್ಕೋತಾಳೆ," ಅಂದ. ಕಿರುಬೆರಳು ಮರಗಟ್ಟಿ ಅನ್ನದ ತಟ್ಟೆ ಕೈಜಾರಿ ಬೀಳತೊಡಗಿದ ಮೇಲೆ ಕೊಯಮತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರ್ ಚಿಕ್ಕ ವಯಸ್ಸಿನವಳು. ಗಾಯ ಬಿಚ್ಚಿದಳು, ನಮ್ಮನ್ನೆಲ್ಲ ನೋಡಿದಳು. ನರ ಕಡಿದಿದೆ, ತಡವಾಗಿದೆ, ಕೂಡಿಸಿ ನೋಡುತ್ತೇನೆ ಅಂದಳು. ಕೂಡಿಸಿದಳು. ಗಾಯ ಮಾಯಿತು, ಬೆರಳು ಬರಲಿಲ್ಲ.

ಕ್ಯಾಂಪಿಗೆ ಇನ್ನೊಬ್ಬ ಹೋದ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ತಂಗಿ ಎಣ್ಣೆ ತಿಕ್ಕಿದಳು, ಇನ್ನಷ್ಟು ಹರಕೆ ಹೊತ್ತಳು. ಮಾಸ್ಟರ್ ಮನೆಗೇ ಬಂದರು. ಹಿತ್ತಲಿನ ಹಾಸಿಗೆಯ ಮುಂದೆ ಮತ್ತೆ ನಿಲ್ಲಿಸಿ ಎಸೆಸಿದರು. ಥಪ್ ಅನ್ನುವ ಬದಲು ಚೆಂಡು ಗೋಡೆಗೆ ಬಡಿದು ಟಣ್ ಅನ್ನುತ್ತಿತ್ತು, ಒಮ್ಮೊಮ್ಮೆ ನಮ್ಮ ಹೆಂಚಿಗೆ. ಊಟದ ಹೊತ್ತಿನಲ್ಲಿ ನಾನು ರೇಡಿಯೋ ಜೋರು ಮಾಡಲು ಶುರುಮಾಡಿದೆ. ಮುಂದಿನ ಸೀಸನ್ನಿನಲ್ಲಿ ಒಂದು ಕ್ಲಬ್ ಅವನ ಹಳೇ ಹೆಸರು ನೋಡಿ ಸೇರಿಸಿಕೊಂಡಿತು. ಆ ಮ್ಯಾಚಿಗೂ ಹೋಗಿದ್ದೆ. ಅವನು ಮೊಣಕಾಲು ಎತ್ತಿದ, ಬಾಗಿದ, ಎಲ್ಲ ಮೊದಲಿನ ಹಾಗೇ. ಕೈ ಮಾತ್ರ ಚೆಂಡನ್ನು ಬಿಡಬೇಕಾದ ಕಡೆ ಬಿಡದೆ ಎಲ್ಲೋ ಬಿಟ್ಟಿತು, ಅದು ಹೋಗಿ ಬಡಿದದ್ದು ಬ್ಯಾಟು ಹಿಡಿದವನ ದವಡೆಗೆ. ಅವನು ಬಿದ್ದ. ಬಾಯಿಂದ ರಕ್ತ. ಹುಡುಗ ದಿಬ್ಬದ ಮೇಲೆ ನಿಂತು ತನ್ನ ಕೈಯನ್ನು ನೋಡಿಕೊಂಡ, ಸಾಕಿದ ನಾಯಿ ಯಾರನ್ನೋ ಕಚ್ಚಿದಾಗ ಸಾಕಿದವನು ಅದನ್ನು ನೋಡುವ ಹಾಗೆ. ಆಮೇಲೆ ಗ್ಲೋವ್ ಕಳಚಿ ನೆಲದ ಮೇಲಿಟ್ಟು, ಬಿದ್ದವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಂಬುಲೆನ್ಸ್ ಬರುವವರೆಗೆ ಕೂತ. ಗ್ಲೋವನ್ನು ತಿರುಗಿ ತೆಗೆದುಕೊಳ್ಳಲಿಲ್ಲ.

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊಲಿದು ಬಂದ ಟೀ ಶರ್ಟುಗಳ ತುದಿಯಲ್ಲಿ ನೇತಾಡುವ ದಾರ ಕತ್ತರಿಸುವುದು. ಕತ್ತರಿ ಮಾಡುವವರೆಲ್ಲ ಬಲಗೈಗೇ ಮಾಡಿರುತ್ತಾರೆ. ಅವನು ಬಲಗೈಯನ್ನು ಒಂದನೇ ಕ್ಲಾಸಿಗೆ ಸೇರಿಸಿದ. ಮೊದಲ ತಿಂಗಳು ಬಟ್ಟೆಯೇ ತೂತು ಬೀಳುತ್ತಿತ್ತಂತೆ. ಆಮೇಲೆ ಕೈ ಕೂತಿತು. ಸಹಿಯೂ ಬಲಗೈಗೆ ಬಂತು. "ಚೆಕಿಂಗ್‌ಗೆ ಹಾಕಿದಾರೆ ದೊಡ್ಡಜ್ಜೀ, ಪ್ರಮೋಷನ್ನು," ಅಂತ ಒಂದು ಪೊಂಗಲ್‌ಗೆ ಬಂದಾಗ ಹೇಳಿದ. ಮೈ ತುಂಬಿಕೊಂಡಿದ್ದ. ತಂಗಿಗೂ ನನಗೂ ಒಂದೇ ಬಣ್ಣದ ನೈಟಿ ತಂದಿದ್ದ. "ಎಕ್ಸ್‌ಪೋರ್ಟ್ ರಿಜೆಕ್ಟು. ಹಾಕ್ಕೊಂಡ್ರೆ ಇಬ್ರೂ ಬ್ಯಾಂಡ್ ಪಾರ್ಟಿ ಥರ ಕಾಣ್ತೀರ."

ಮಧ್ಯಾಹ್ನ ಜಗಲಿಯ ಮೇಲೆ ನಾನೂ ಅವನೂ ಇಬ್ಬರೇ ಕಬ್ಬು ಸಿಗಿಯುತ್ತಾ ಕೂತಿದ್ದೆವು. ಬೀದಿಯ ತಿರುವಿನಲ್ಲಿ ಒಂದು ಟೌನ್ ಬಸ್ಸು ಎದುರಿನ ಲಾರಿಗೆ ದಾರಿ ಬಿಡಲಾಗದೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದವನು ತಟಕ್ಕನೆ ನಕ್ಕ.

"ಅವತ್ತೂ ಇದೇ ಬಸ್ಸು."

"ಯಾವತ್ತು?"

"ಕಲಶ ನಿಂತ್ಕೊಂಡ ದಿವ್ಸ. ತಿರುವಿನ ಆಚೆ ಹಿಂಗೇ ಅಡ್ಡ ಸಿಕ್ಕೊಂಡಿತ್ತು. ದಾರಿ ಇರ್ಲಿಲ್ಲ. ಚಿಕ್ಕಜ್ಜ ಕಲಶ ಹೊತ್ತಿದ್ರಲ್ಲ, ಬಾಯಿ ಬಿಡೋ ಹಾಗಿಲ್ಲ, ಪಾವಂ. ಕಣ್ಣಲ್ಲೇ ತೋರಿಸ್ತಿದ್ರು. ಹಿಂದೆ ಇದ್ದೋರಿಗೆ ಯಾರಿಗೂ ಕಾಣಿಸ್ಲಿಲ್ಲ. ನಾನು ಬಟ್ಟೆ ಬಿಚ್ಚೋ ಹೊತ್ಗೆ ಬಸ್ಸು ರಿವರ್ಸ್ ತಗೋತಿತ್ತು."

ಅವತ್ತು ಅವನು ಹಿಂದಿರುಗಿ ನೋಡಿದ್ದು, ನಾನು ಧೈರ್ಯ ಹುಡುಕುತ್ತಿದ್ದಾನೆ ಅಂದುಕೊಂಡದ್ದು.

"ನೀನು ನೋಡ್ದೆ," ಅಂದೆ. "ಬಸ್ಸನ್ನ ನೋಡ್ದೆ."

"ನೋಡ್ದೆ."

"ನೋಡಿಯೂ..." ಕೊನೆಗೆ "ವೈ?" ಅಂತ ಒಂದು ಸಣ್ಣ ದನಿ ಹೊರಟಿತು, ಕಾನ್ವೆಂಟಿನ ಹುಡುಗಿಯ ದನಿ.

ಅವನು ಕಬ್ಬು ಕಚ್ಚಿದ. ಸಿಪ್ಪೆ ಉಗಿದ. "ನಿಂಗೆ ಗೊತ್ತಿಲ್ವಾ ದೊಡ್ಡಜ್ಜೀ? ನೀನು ಮ್ಯಾಚ್ ನೋಡಿದೀಯಲ್ಲ. ಎಲ್ರೂ ನನ್ ಕೈನೇ ನೋಡ್ತಿದ್ರು. ಅಷ್ಟು ಜನ ಕೈ ನೋಡ್ತಿರೋವಾಗ ಸುಮ್ನೆ ನಿಂತ್ಕೊಳ್ಳೋಕೆ ನಂಗೆ ಬರಲ್ಲ. ಬಸ್ಸು ಅಂತ ಹೇಳಿ ಕೈ ಕೆಳಗಿಳ್ಸೋದಾ?" ಮತ್ತೆ ನಕ್ಕ. "ಅಜ್ಜಿಗೆ ಹೇಳ್ಬೇಡ. ಅವ್ಳು ಅಮ್ಮ ಕೇಳಿದ್ಲು ಅಂದ್ಕೊಂಡೇ ಇರ್ಲಿ. ಬಸ್ಸು ಕೇಳ್ತು ಅಂದ್ರೆ ತಡ್ಕೊಳ್ಳಲ್ಲ."

ತಂಗಿಗೆ ಹೇಳಿಲ್ಲ. ಅವಳಿಗೆ ಈ ಅಕ್ಷರ ಓದಲು ಬಾರದು. ಆದರೆ ಅವತ್ತಿನಿಂದ ನನಗೆ ಆ ಬೀದಿಯ ತಿರುವನ್ನು ನೋಡಲಾಗುವುದಿಲ್ಲ. ಇಷ್ಟು ವರ್ಷ ನಾನು ದೇವರ ಮೇಲೆ ಸಿಟ್ಟಾಗಿದ್ದೆ. ಜನರ ಮೇಲೆ, ಅರಿಶಿನದ ಮೇಲೆ, ಅವನಪ್ಪನ ಮೇಲೆ. ಆ ಸಿಟ್ಟನ್ನೆಲ್ಲ ಈಗ ಎಲ್ಲಿ ಇಡಲಿ? ಅವನ ಮೇಲೆ ಇಡೋಣವೆಂದರೆ, ಮೈದಾನದಲ್ಲಿ ಅವನ ಮುಖದ ಹಸಿವನ್ನು ನೋಡಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರು ನಾವು.

ಅವನನ್ನು ಕೊನೆಯ ಸಲ ನೋಡಿದ್ದು ಅದರ ಮುಂದಿನ ವಿಜಯದಶಮಿಗೆ. ಕಂಪನಿ ಒಡಿಶಾದಲ್ಲಿ ಹೊಸ ಯೂನಿಟ್ ತೆರೆಯುತ್ತಿತ್ತು, ಅವನನ್ನು ಸೂಪರ್‌ವೈಸರ್ ಮಾಡಿ ಕಳಿಸುತ್ತಿದ್ದರು. ಹೊರಡುವ ಮೊದಲು ಹಬ್ಬಕ್ಕೆ ಬಂದ. ನೋಡಿಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. ಅದೇ ಕುರ್ಚಿ, ಅದೇ ಜಾಗ. ತಮಟೆ ಹತ್ತಿರ ಬಂತು, ಹುಡುಗರ ಗುಂಪು ಬಂತು. ಗುಂಪಿನ ನಡುವೆ ಅವನು, ಬರಿ ಮೈ, ಕೈಯಲ್ಲಿ ಅಲಗು. ಯಾರೂ ಹರಕೆ ಹೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವನ ಕಡೆ ಯಾರೂ ನೋಡುತ್ತಲೂ ಇರಲಿಲ್ಲ. ಕಲಶ ಎಲ್ಲಿಯೂ ನಿಲ್ಲದೆ ಸಲೀಸಾಗಿ ಬರುತ್ತಿತ್ತು.

ನಾನು ಏಳಲು ಹೋದೆ. ಅವನು ಬಲಗೈ ಎತ್ತಿ ಎಡದೋಳಿನ ಮೇಲೆ ಬೀಸಿದ. ಹಳೆಯ ಗಾಯದ ಗಂಟಿನ ಪಕ್ಕಕ್ಕೇ. ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿತು. ಕಣ್ಣಿಗೆ ಕಾಣದಷ್ಟು ಚುರುಕಾಗಿ. ಅಲಗು ಸವರಿಕೊಂಡು ಹೋಯಿತು, ಹಿಂದೆ ಒಂದು ಕೆಂಪು ಗೀಟು, ರೇಷ್ಮೆ ಎಳೆಯಷ್ಟೇ ಸಣ್ಣದು. ಪರ್ಫೆಕ್ಟ್. ಆ ತಿರುಗಿಸುವುದನ್ನು ನಾನು ಎಲ್ಲಿ ನೋಡಿದರೂ ಗುರುತಿಸಬಲ್ಲೆ. ಬಾವಿಕಟ್ಟೆಯ ಹತ್ತಿರ ಎಡಗೈ ಮಾಡುತ್ತಿದ್ದದ್ದು ಅದೇ.

ನನ್ನ ಮುಂದೆ ಬಂದಾಗ ನೋಡಿದ. "ಹೆಂಗೆ ದೊಡ್ಡಜ್ಜೀ?" ಅಂತ ಹುಬ್ಬು ಹಾರಿಸಿದ. ಎಡಗೈ ಎತ್ತಿ ಆಡಿಸಿದ. ಸೊರಗಿದ ಎರಡು ಬೆರಳು ಮಡಚಿಕೊಂಡೇ ಇದ್ದವು, ಒಳಗೆ ಏನನ್ನೋ ಹಿಡಿದ ಹಾಗೆ. ಹಿಮ್ಮುಖವಾಗಿ ಕುಣಿಯುತ್ತಾ ಹೋಗುತ್ತಿದ್ದದ್ದರಿಂದ, ತಿರುವು ದಾಟುವವರೆಗೂ ಅವನ ಮುಖ ನನ್ನ ಕಡೆಗೇ ಇತ್ತು.